ಏಳು ಇಂಚು ಇದೆಯಂತೆ!

ಕನ್ನಡದಲ್ಲಿ ‘ಅಂತೆ’ ಅಂತ ಒಂದು ಪದ ಇದೆಯಲ್ಲ, ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಮದುವೆ ಗೊತ್ತಾಯ್ತಂತೆ. ಕೆಲಸ ಬಿಟ್ಟನಂತೆ. ಮೈಸೂರಿನಲ್ಲಿ ಸೈಟ್ ತಗೊಂಡನಂತೆ. ಮಾತು ನಿಜವಾದರೆ ಮೊದಲು ಹೇಳಿದ ಕೀರ್ತಿ ನಮ್ಮದು, ಸುಳ್ಳಾದರೆ “ನಾನೆಲ್ಲಿ ಹೇಳ್ದೆ, ಅಂತೆ ಅಂದೆ ಅಷ್ಟೆ” ಅಂತ ಕೈ ತೊಳ್ಕೊಂಡ್ರೆ ಆಯ್ತು. ಸೈಟು, ಮದುವೆ ವಿಷಯದಲ್ಲಿ ಇದರಿಂದ ಯಾರಿಗೂ ದೊಡ್ಡ ನಷ್ಟ ಇಲ್ಲ. ಆದರೆ ಇಲ್ಲಿ ಮಿನ್ನೆಸೋಟಾದಲ್ಲಿ ಡಿಸೆಂಬರ್ ಬಂತು ಅಂದ್ರೆ ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಥರದ ‘ಅಂತೆ’ ಶುರುವಾಗುತ್ತೆ. “ಲೇಕ್ ಪೂರ್ತಿ ಫ್ರೀಜ್ ಆಗಿದೆ, ಏಳು ಇಂಚು ಇದೆಯಂತೆ, ಶನಿವಾರ ಐಸ್ ಫಿಶಿಂಗ್, ಫ್ಯಾಮಿಲಿ ಸಮೇತ ಬನ್ನಿ, ಸೇಫ್ ಇದೆ.” ಅದರ ಕೆಳಗೆ ಇಪ್ಪತ್ತು ಹೆಬ್ಬೆರಳು, ನಾಲ್ಕು ಮೀನಿನ ಚಿತ್ರ. ಯಾವ ಲೇಕಿನ ಯಾವ ಮೂಲೆ, ಯಾರು ಅಳೆದರು, ಯಾವತ್ತು ಅಳೆದರು ಅಂತ ಒಬ್ಬರಾದರೂ ಕೇಳಬೇಕಲ್ಲ? ಊಹೂಂ.

ನನಗೆ ಸಿಟ್ಟು ಬರೋದು ಇಲ್ಲಿ. ಕೇಳದೆ ಇರೋರು ಯಾರು ಅಂತ ನೋಡಿ. ಎಲ್ಲ ನಮ್ಮಂಥವರೇ, ಇಂಜಿನಿಯರುಗಳು. ಆಫೀಸಿನಲ್ಲಿ ಎರಡು ಸಾಲು ಕೋಡ್ ಬದಲಾಯಿಸಿದರೆ ಟೆಸ್ಟ್ ಎಲ್ಲಿ, ಲಾಗ್ ಎಲ್ಲಿ, ಯಾರು ರಿವ್ಯೂ ಮಾಡಿದರು ಅಂತ ಪ್ರಾಣ ತಿನ್ನೋ ಜನ. ಅದೇ ಜನ ಆರು ವರ್ಷದ ಮಗುವಿನ ಕೈ ಹಿಡ್ಕೊಂಡು, ಕೆಳಗೆ ಇಪ್ಪತ್ತು ಅಡಿ ನೀರಿರೋ ಕಡೆ, ಯಾರೋ ಹೇಳಿದ ‘ಅಂತೆ’ಯ ಮೇಲೆ ನಡ್ಕೊಂಡು ಹೋಗ್ತಾರೆ.

ಊರಲ್ಲಿ ಕೂತು ಓದ್ತಿರೋರಿಗೆ ಈ ಐಸ್ ಫಿಶಿಂಗ್ ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. ಚಳಿಗಾಲದಲ್ಲಿ ಇಲ್ಲಿನ ಕೆರೆಗಳ ಮೇಲ್ಭಾಗ ಗಟ್ಟಿ ಮಂಜುಗಡ್ಡೆ ಆಗುತ್ತೆ. ಜನ ಅದರ ಮೇಲೆ ನಡೆದು ಹೋಗಿ, ಆಗರ್ ಅಂತ ಒಂದು ಉದ್ದನೆ ಬೈರಿಗೆಯಲ್ಲಿ ತೂತು ಕೊರೆದು, ಆ ತೂತಿನಲ್ಲಿ ಗಾಳ ಬಿಟ್ಟು ಕೂರ್ತಾರೆ. ಒಬ್ಬರಿಗೆ ಎರಡು ಗಾಳ ಬಿಡಲು ಅನುಮತಿ ಇದೆ. ಚಳಿ ತಡೆಯಲು ಟೆಂಟೋ, ಗಾಲಿ ಇರೋ ಪುಟ್ಟ ಮನೆಯೋ ಎಳ್ಕೊಂಡು ಹೋಗಿರ್ತಾರೆ. ಒಳಗೆ ಗ್ಯಾಸ್ ಹೀಟರ್, ಕಾಫಿ, ಹರಟೆ. ಜನವರಿಯಲ್ಲಿ ಮಿಲ್ ಲ್ಯಾಕ್ಸ್ ಅಥವಾ ಲೇಕ್ ಆಫ್ ದ ವುಡ್ಸ್ ಕಡೆ ಹೋದರೆ ನೀರಿನ ಮೇಲೆ ಒಂದು ಊರೇ ಎದ್ದಿರುತ್ತೆ, ರಸ್ತೆ ಸಮೇತ. ನನಗೆ ಇದು ಬಹಳ ಇಷ್ಟ. ಮೈನಸ್ ಇಪ್ಪತ್ತರಲ್ಲಿ ಗಾಳಿ ನಿಂತಾಗ ಇರೋ ಆ ನಿಶ್ಶಬ್ದ ಬೆಂಗಳೂರಿನಲ್ಲಿ ಬೆಳೆದವನಿಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಆದ್ದರಿಂದ ಇದು ‘ಐಸ್ ಮೇಲೆ ಹೋಗಬೇಡಿ’ ಅನ್ನೋ ಬರಹ ಅಲ್ಲ. ಆ ಮಾತು ಹೇಳೋ ಹಿರಿಯರ ಜತೆಗೂ ನನಗೆ ಜಗಳ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಈ ಇಂಚಿನ ಕಥೆ. ಇಲ್ಲಿ ನೈಸರ್ಗಿಕ ಸಂಪನ್ಮೂಲ ಇಲಾಖೆ ಇದೆ, ಎಲ್ಲರೂ ಡಿಎನ್ಆರ್ ಅಂತಾರೆ. ಅವರ ಪಟ್ಟಿ ಎಲ್ಲರ ಫೋನಿನಲ್ಲೂ ಇರುತ್ತೆ. ನಾಲ್ಕು ಇಂಚಿಗಿಂತ ಕಡಿಮೆ ಇದ್ದರೆ ಕಾಲಿಡಬೇಡಿ. ನಾಲ್ಕು ಇಂಚಿಗೆ ನಡೆಯಬಹುದು. ಐದರಿಂದ ಏಳಕ್ಕೆ ಸ್ನೋಮೊಬೈಲ್. ಒಂಬತ್ತು-ಹತ್ತಕ್ಕೆ ಸಣ್ಣ ಕಾರು. ದೊಡ್ಡ ಟ್ರಕ್ಕಿಗೆ ಹದಿಮೂರು. ಇಷ್ಟನ್ನು ನಮ್ಮವರು ಬಾಯಿಪಾಠ ಮಾಡಿದ್ದಾರೆ. ಅದೇ ಪಟ್ಟಿಯ ಜತೆ ಇರೋ ಇನ್ನೆರಡು ಮಾತು ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಒಂದು, ಈ ಅಂಕಿಗಳು ಹೊಸ, ಪಾರದರ್ಶಕ, ಗಟ್ಟಿ ಐಸಿಗೆ ಮಾತ್ರ. ಹಿಮ ಬಿದ್ದು ನೆನೆದು ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್ ಆದರೆ ಎಲ್ಲಾ ಅಂಕಿ ಡಬಲ್ ಮಾಡ್ಕೋಬೇಕು. ಎರಡು, ನೂರಕ್ಕೆ ನೂರು ಸುರಕ್ಷಿತ ಐಸ್ ಅನ್ನೋದೇ ಇಲ್ಲ.

ಬಿಳಿ ಐಸಿನ ಲೆಕ್ಕ ಹಾಕಿ ನೋಡಿ. ಗುಂಪಿನಲ್ಲಿ ಬಂದ ಆ ‘ಏಳು ಇಂಚು’ ಬಿಳಿಯದಾಗಿದ್ದರೆ ಅದರ ಬೆಲೆ ಮೂರೂವರೆ ಇಂಚು. ಅಂದರೆ ಕಾಲಿಡಲೇಬಾರದ ಐಸ್. ಒಂದೇ ಅಂಕಿ, ಒಂದು ಕಡೆ ಸ್ನೋಮೊಬೈಲ್ ಹೊರುತ್ತೆ, ಇನ್ನೊಂದು ಕಡೆ ನಿಮ್ಮನ್ನೇ ಹೊರಲ್ಲ. ಬಣ್ಣ ಹೇಳದೆ ಇಂಚು ಹೇಳೋದು ಅಂದ್ರೆ ಡಾಲರೋ ರೂಪಾಯಿಯೋ ಹೇಳದೆ ಸಂಬಳ ಹೇಳಿದ ಹಾಗೆ.

ಇನ್ನೊಂದು ಲೆಕ್ಕ ಇದಕ್ಕಿಂತ ಕೆಟ್ಟದ್ದು. ಐಸ್ ಎಷ್ಟು ಭಾರ ಹೊರುತ್ತೆ ಅನ್ನೋದು ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತೆ, ಇಳಿಯುತ್ತೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಲಾರ್ನ್ ಗೋಲ್ಡ್ ಅನ್ನೋರು 1971ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಐಸ್ ಮೇಲೆ ರಸ್ತೆ ಮಾಡೋರು ಬಳಸ್ತಾರೆ. ಸೆಂಟಿಮೀಟರಿನಲ್ಲಿ ದಪ್ಪ ತಗೊಂಡು ವರ್ಗ ಮಾಡಿ, ಎಚ್ಚರಿಕೆಯ ಅಂಕಿಯಾದ 3.5ರಿಂದ ಗುಣಿಸಿದರೆ ಕಿಲೋಗ್ರಾಂ ಸಿಗುತ್ತೆ. 10 ಸೆಂಟಿಮೀಟರಿಗೆ, ಅಂದ್ರೆ ಸುಮಾರು ನಾಲ್ಕು ಇಂಚಿಗೆ, 350 ಕಿಲೋ. ಚೆನ್ನಾಗೇ ಇದೆ ಅನ್ಸುತ್ತಲ್ಲ? 5 ಸೆಂಟಿಮೀಟರಿಗೆ ಹಾಕಿ. 175 ಅಲ್ಲ, ಸುಮಾರು 87 ಕಿಲೋ. ದಪ್ಪ ಅರ್ಧ ಆದರೆ ಬಲ ಕಾಲು ಭಾಗ. ಅದಕ್ಕೆ ನಮ್ಮ ಮನಸ್ಸಿನ ‘ಹೆಚ್ಚುಕಮ್ಮಿ’ ಲೆಕ್ಕ ಇಲ್ಲಿ ಕೈ ಕೊಡೋದು. ಹೆಚ್ಚುಕಮ್ಮಿ ನಾಲ್ಕು ಇಂಚು ಅಂತ ಹೋದ ಕಡೆ ಎರಡು ಇಂಚು ಸಿಕ್ಕರೆ, ದಪ್ಪ ಜಾಕೆಟ್, ಬೂಟು, ಸ್ಲೆಡ್, ಆಗರ್ ಎಲ್ಲಾ ಸೇರಿ ನಿಮ್ಮ ತೂಕ ಎಷ್ಟು ಅಂತ ನೀವೇ ನೋಡ್ಕೊಳ್ಳಿ.

“ಆದರೆ ಒಂದೇ ಕೆರೆ ಅಲ್ವಾ, ಒಂದು ಕಡೆ ಏಳಿದ್ದರೆ ಇನ್ನೊಂದು ಕಡೆ ಎರಡು ಹೇಗಾಗುತ್ತೆ?” ಅಂತ ಒಬ್ಬರು ನನ್ನನ್ನೇ ಕೇಳಿದ್ರು. ಒಳ್ಳೆ ಪ್ರಶ್ನೆ. ಕೆರೆ ಫ್ರಿಜ್ಜಿನ ಐಸ್ ಟ್ರೇ ಅಲ್ಲ ಅನ್ನೋದು ಉತ್ತರ. ನೀರು 4 ಡಿಗ್ರಿಯಲ್ಲಿ ಅತಿ ಭಾರ ಇರುತ್ತೆ ಅಂತ ಪಿಯುಸಿಯಲ್ಲಿ ಓದಿದ್ದು ನೆನಪಿದೆಯಾ? (ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೂ ಬರಲ್ಲ ಅಂದ್ಕೊಂಡಿದ್ದೆವು. ಬರುತ್ತೆ ನೋಡಿ.) ಮೇಲಿನ ನೀರು ತಣ್ಣಗಾಗಿ ಕೆಳಗೆ ಇಳಿಯುತ್ತೆ, ಕೆಳಗಿಂದ ಬೆಚ್ಚನೆ ನೀರು ಮೇಲೆ ಬರುತ್ತೆ, ಇಡೀ ಆಳ 4 ಡಿಗ್ರಿಗೆ ಬರೋ ತನಕ ಮೇಲ್ಮೈ ಹೆಪ್ಪುಗಟ್ಟಲ್ಲ. ಅಂದ್ರೆ ಆಳ ಕಡಿಮೆ ಇರೋ ಮೂಲೆ ಮೊದಲು ಕಟ್ಟುತ್ತೆ, ಆಳದ ಮಧ್ಯಭಾಗ ಎಷ್ಟೋ ದಿನ ಆದ ಮೇಲೆ. ದಡದ ಹತ್ತಿರ ಅಳೆದ ಏಳು ಇಂಚು ಎರಡು ವಾರದ ಐಸ್, ಮುಂದೆ ಕಾಣೋದು ಮೂರು ದಿನದ್ದು. ಮೇಲೆ ಹಿಮ ಬಿದ್ದಿದ್ದರೆ ಎರಡೂ ಒಂದೇ ಥರ ಬೆಳ್ಳಗೆ ಕಾಣುತ್ತೆ.

ಆ ಹಿಮ ಇದೆಯಲ್ಲ, ಅದು ಕಂಬಳಿ. ಮೇಲಿನ ಚಳಿ ಕೆಳಗೆ ಇಳಿಯೋಕೆ ಬಿಡಲ್ಲ, ಹಾಗಾಗಿ ಹಿಮ ದಪ್ಪ ಇರೋ ಕಡೆ ಐಸ್ ಬೆಳೆಯೋದೇ ನಿಧಾನ. ಹೊಳೆ ಬಂದು ಸೇರೋ ಜಾಗ, ಸೇತುವೆ ಕೆಳಗೆ, ಎರಡು ಕೆರೆ ಸೇರೋ ಕಿರಿದಾದ ಕಡೆ ಐಸ್ ತೆಳ್ಳಗೇ ಇರುತ್ತೆ. ತಳದಲ್ಲಿ ಬುಗ್ಗೆ ಇದ್ದರೂ ಅದೇ ಕಥೆ. ಕೆಲವು ಕೆರೆಗಳಲ್ಲಿ ಮೀನು ಉಸಿರುಗಟ್ಟಿ ಸಾಯದಿರಲಿ ಅಂತ ಗಾಳಿ ಊದೋ ಯಂತ್ರ ಇಟ್ಟಿರ್ತಾರೆ, ಅದರ ಸುತ್ತ ‘ತೆಳು ಐಸ್’ ಅಂತ ಬೋರ್ಡು ಇರುತ್ತೆ. ಆ ಬೋರ್ಡಿನ ಪಕ್ಕ ನಿಂತು ಸೆಲ್ಫಿ ತಗೊಂಡವರನ್ನೂ ನೋಡಿದ್ದೀನಿ. ಏನು ಹೇಳೋದು.

ನಮ್ಮಲ್ಲಿ “ನನ್ನ ಮಷೀನಿನಲ್ಲಿ ಓಡ್ತಿದೆಯಲ್ಲ” ಅನ್ನೋ ಡೆವಲಪರ್ ಕಂಡ್ರೆ ಎಲ್ಲರೂ ನಗ್ತೀವಿ. ಏಳು ಇಂಚಿನ ಮೆಸೇಜು ಅದೇ ತಾನೆ? ಅವನ ತೂತಿನಲ್ಲಿ ಏಳು ಇಂಚು. ನಿಮ್ಮ ಕಾಲ ಕೆಳಗೆ ಎಷ್ಟು?

ಇದಕ್ಕೆ ಬರೋ ಮೊದಲ ಉತ್ತರ ನನಗೆ ಗೊತ್ತು. “ಅಲ್ಲಿ ಆಗಲೇ ನೂರು ಜನ ನಿಂತಿದ್ದಾರಲ್ಲ ಗುರು. ಟ್ರಕ್ಕೇ ನಿಂತಿದೆ. ನಾವೇನು ಟ್ರಕ್ಕಿಗಿಂತ ಭಾರನಾ?”

ಈ ನೂರು ಜನರ ವಾದಕ್ಕೆ ಅಪ್ಪರ್ ರೆಡ್ ಲೇಕ್ ಉತ್ತರ ಕೊಟ್ಟಿದೆ, ಎರಡು ಸಲ. ಉತ್ತರ ಮಿನ್ನೆಸೋಟಾದ ಕೆರೆ ಅದು. ಕೆರೆ ಅಂದರೆ ಅವಮಾನ, ಆಚೆ ದಡ ಕಾಣಲ್ಲ. ಆಳ ಇಲ್ಲದ್ದರಿಂದ ಬೇಗ ಹೆಪ್ಪುಗಟ್ಟುತ್ತೆ, ವಾಲೈ ಮೀನಿಗೆ ಹೆಸರುವಾಸಿ, ಹಾಗಾಗಿ ಸೀಸನ್ನಿನ ಮೊದಲ ಐಸಿಗೆ ಇಡೀ ರಾಜ್ಯದ ಜನ ಅಲ್ಲಿಗೆ ಓಡ್ತಾರೆ. 2022ರ ನವೆಂಬರ್ 28ರಂದು ಅಲ್ಲಿ ಐಸಿನ ದೊಡ್ಡ ಹಾಳೆಯೊಂದು ದಡದಿಂದ ಬಿಟ್ಟುಕೊಂಡು ಸುಮಾರು 200 ಜನ ನೀರಿನ ಆಚೆ ಸಿಕ್ಕಿಹಾಕ್ಕೊಂಡ್ರು. ಮರುವರ್ಷ, 2023ರ ಡಿಸೆಂಬರ್ 29ರಂದು, ಅದೇ ಕೆರೆ, ಅದೇ ಕಥೆ, ಈ ಸಲ 122 ಜನ. ಎರಡೂ ಸಲ ರಕ್ಷಣಾ ತಂಡದವರು ಎಲ್ಲರನ್ನೂ ದಡ ಸೇರಿಸಿದರು, ಪುಣ್ಯ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಜನರ ಕಾಲ ಕೆಳಗಿನ ಐಸ್ ಅವರನ್ನು ಹೊತ್ತುಕೊಂಡೇ ಇತ್ತು. ದಪ್ಪ ಸಾಕಷ್ಟೇ ಇತ್ತು. ಅಳತೆಪಟ್ಟಿ ಪ್ರಕಾರ ಪಾಸು. ಆದರೆ ದೊಡ್ಡ ಕೆರೆಯ ಮೇಲೆ ಗಾಳಿ ಬೀಸಿದರೆ ಇಡೀ ಹಾಳೆಯೇ ಹಡಗಿನ ಹಾಗೆ ಹೊರಟುಬಿಡುತ್ತೆ. ಎಷ್ಟು ಇಂಚು ಅಂತ ಕೇಳಿದವರಿಗೆ ಇದು ಗೊತ್ತಾಗೋದೇ ಇಲ್ಲ. ಗಾಳಿ ಯಾವ ಕಡೆ, ಎಷ್ಟು ವೇಗ, ಹಾಳೆ ದಡಕ್ಕೆ ಅಂಟಿದೆಯಾ, ಒತ್ತಡದಿಂದ ಉಬ್ಬಿದ ಸಾಲು ಎಲ್ಲಿದೆ ಅಂತ ಕೇಳಿದವರಿಗೆ ಮಾತ್ರ ಗೊತ್ತಾಗುತ್ತೆ. ಲೇಕ್ ಈರಿಯಲ್ಲಿ 2009ರ ಫೆಬ್ರವರಿ 7ರಂದು ಒಹಾಯೋ ದಡದಿಂದ ಹೀಗೇ ನೂರಕ್ಕೂ ಹೆಚ್ಚು ಮೀನು ಹಿಡಿಯೋರು ತೇಲಿಹೋದರು, ಒಬ್ಬರು ನೀರಿಗೆ ಬಿದ್ದು ಸತ್ತರು. ನೂರು ಜನ ನಿಂತಿದ್ದಾರೆ ಅನ್ನೋದು ಐಸ್ ಗಟ್ಟಿ ಅನ್ನೋಕೆ ಸಾಕ್ಷಿ ಅಲ್ಲ ಸ್ವಾಮಿ. ಆ ನೂರರಲ್ಲಿ ತೊಂಬತ್ತು ಜನ ಉಳಿದ ಹತ್ತು ಜನರನ್ನು ನೋಡಿ ಬಂದವರು ಆಗಿರಬಹುದು, ಅಷ್ಟೆ.

ಎರಡನೇ ಉತ್ತರ, “ಸರ್ಕಾರ ಬಿಟ್ಟಿದೆ ಅಂದಮೇಲೆ ಚೆಕ್ ಮಾಡಿರ್ತಾರೆ.” ಇಲ್ಲ. ಮಾಡಿರಲ್ಲ. ಡಿಎನ್ಆರ್ ಸ್ಪಷ್ಟವಾಗಿ ಹೇಳುತ್ತೆ, ಕೆರೆಗಳ ಐಸ್ ದಪ್ಪ ನಾವು ಅಳೆಯಲ್ಲ, ನಿಮ್ಮ ಸುರಕ್ಷತೆ ನಿಮ್ಮ ಜವಾಬ್ದಾರಿ ಅಂತ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ ಈ ರಾಜ್ಯದಲ್ಲಿ 11,842 ಇವೆ. ಯಾರು ಅಳೀತಾರೆ? ನೀವು ದುಡ್ಡು ಕೊಟ್ಟು ತಗೊಂಡ ಲೈಸೆನ್ಸು ಮೀನಿಗೆ, ಐಸಿಗಲ್ಲ. ಗೇಟಿಲ್ಲ, ಟಿಕೆಟ್ಟಿಲ್ಲ, ಸೀಟಿ ಊದೋ ಗಾರ್ಡಿಲ್ಲ. ನಮ್ಮ ಕಡೆಯವರಿಗೆ ಇದು ಅರ್ಥ ಆಗೋದು ಕಷ್ಟ ಅಂತ ನನಗನ್ಸುತ್ತೆ. ನಮ್ಮೂರಲ್ಲಿ ಅಪಾಯ ಇರೋ ಕಡೆ ಒಂದು ತಂತಿಯೋ, ಬೈಯೋ ವಾಚ್‌ಮನ್ನೋ ಇರ್ತಾನೆ. ಕೆರೆಗೆ ಹೊಸಬರು ಇಳಿದರೆ ದಡದಲ್ಲಿ ಬಟ್ಟೆ ಒಗೀತಿರೋರೇ “ಏಯ್, ಅಲ್ಲಿ ಹೂಳಿದೆ ಕಣಪ್ಪೋ” ಅಂತ ಕೂಗ್ತಾರೆ. ಇಲ್ಲಿ ಯಾರೂ ಕೂಗಲ್ಲ. ನಿಮ್ಮ ಪಾಡಿಗೆ ನಿಮ್ಮನ್ನು ಬಿಡೋದೇ ಇಲ್ಲಿನ ಮರ್ಯಾದೆ. ಯಾರೂ ತಡೀಲಿಲ್ಲ ಅಂದ್ರೆ ಅನುಮತಿ ಸಿಕ್ತು ಅಂತ ನಾವು ತಿಳ್ಕೋತೀವಿ.

ಮೂರನೇದು, “ಇಲ್ಲಿಯವರು ತಲೆಮಾರುಗಳಿಂದ ಮಾಡ್ತಿದ್ದಾರೆ, ಏನೂ ಆಗಲ್ಲ ಬಿಡಿ.” ಅವರು ಮಾಡೋದನ್ನ ಸರಿಯಾಗಿ ನೋಡಿದ್ದೀರಾ? ನನ್ನ ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ಇಲ್ಲೇ ಹುಟ್ಟಿ ಬೆಳೆದವರು. ಅವರ ಜತೆ ಹೋದರೆ ಮೊದಲ ಅರ್ಧ ಗಂಟೆ ಮೀನಿನ ಮಾತೇ ಇಲ್ಲ. ಕೈಯಲ್ಲಿ ನಮ್ಮ ಹಾರೆಯಂಥದ್ದೇ ಒಂದು ಕಬ್ಬಿಣದ ಸರಳು, ಹೆಜ್ಜೆ ಮುಂದಿಡೋ ಮುಂಚೆ ಮುಂದೆ ಒಂದು ಕುಟ್ಟು. ಒಂದೇ ಏಟಿಗೆ ಹಾರೆ ಒಳಗೆ ಹೋದರೆ ಬಂದ ದಾರಿಯಲ್ಲೇ ಹಿಂದಕ್ಕೆ. ಸ್ವಲ್ಪ ದೂರಕ್ಕೊಂದು ತೂತು ಕೊರೆದು ಕೊಕ್ಕೆ ಇರೋ ಪಟ್ಟಿಯಿಂದ ಅಳತೆ. ಡಿಎನ್ಆರ್ ಹೇಳೋದೂ ಕನಿಷ್ಠ 150 ಅಡಿಗೊಮ್ಮೆ ಅಳೆಯಿರಿ ಅಂತ. ಮೇಲಿನ ಹಿಮ ಕೆರೆದು ಐಸಿನ ಬಣ್ಣ ನೋಡ್ತಾರೆ. ಕತ್ತಿನಲ್ಲಿ ಐಸ್ ಪಿಕ್ಸ್, ಜಾಕೆಟ್ ತೇಲೋ ಥರದ್ದು, ಸ್ಲೆಡ್ಡಿನಲ್ಲಿ ಹಗ್ಗ. ಹೋಗೋ ಮುಂಚೆ ಹೆಂಡತಿಗೆ ಯಾವ ಕೆರೆ, ಯಾವ ದಡ, ಎಷ್ಟು ಗಂಟೆಗೆ ವಾಪಸ್ ಅಂತ ಹೇಳಿ ಹೊರಡ್ತಾರೆ. ಎರೆ ಮಾರೋ ಅಂಗಡಿಯಲ್ಲಿ ವಿಚಾರಿಸ್ತಾರೆ, ನಿಜ. ಆದರೆ ಅಂಗಡಿಯವನ ಮಾತು ಯಾವ ಕೆರೆಗೆ ಹೋಗಬೇಕು ಅಂತ ತೀರ್ಮಾನ ಮಾಡೋಕೆ. ಎಲ್ಲಿ ಕಾಲಿಡಬೇಕು ಅಂತ ಹೇಳೋಕೆ ಹಾರೆ ಇದೆ. ತಲೆಮಾರುಗಳಿಂದ ಬಂದಿರೋದು ಈ ಹಾರೆಯ ಪದ್ಧತಿ. ನಾವು ಅದನ್ನು ಬಿಟ್ಟು ಬರೀ ಮೀನಿನ ಫೋಟೋ ಎತ್ಕೊಂಡಿದ್ದೀವಿ.

ಇಲ್ಲಿಯವರಲ್ಲಿ ಮೂರ್ಖರಿಲ್ಲ ಅಂತ ಅಲ್ಲ. ಬೇಕಾದಷ್ಟಿದ್ದಾರೆ. ಪ್ರತಿ ವರ್ಷ ಯಾರಾದರೊಬ್ಬರ ಟ್ರಕ್ಕು ನೀರಿಗೆ ಇಳಿಯುತ್ತೆ, ಟೀವಿಯಲ್ಲಿ ಕ್ರೇನ್ ತೋರಿಸ್ತಾರೆ. ಅಂಥವರನ್ನು ನೋಡಿ ಕಲಿಯೋದಾದರೆ ಕ್ರೇನಿನ ಬಾಡಿಗೆ ಎಷ್ಟು ಅಂತಲೂ ವಿಚಾರಿಸಿಕೊಳ್ಳಿ :-)

ಇನ್ನು ತಮಾಷೆ ಮಾಡಲಾಗದ ವಿಷಯ. 2022ರ ಡಿಸೆಂಬರ್ 26. ಅರಿಜೋನಾದ ವುಡ್ಸ್ ಕ್ಯಾನಿಯನ್ ಲೇಕ್. ಅರಿಜೋನಾ ಅಂದರೆ ಮರುಭೂಮಿ ಅಂದ್ಕೋತೀವಿ, ಆದರೆ ಈ ಕೆರೆ ಇರೋದು ಏಳು ಸಾವಿರ ಅಡಿಗಿಂತ ಎತ್ತರದಲ್ಲಿ. ಫೀನಿಕ್ಸ್ ಪಕ್ಕದ ಊರಿನಿಂದ ರಜೆಗೆ ಹೋಗಿದ್ದ ಭಾರತೀಯ ಕುಟುಂಬಗಳು, ಹೆಪ್ಪುಗಟ್ಟಿದ ಕೆರೆ ಮೇಲೆ ಫೋಟೋ ತೆಗೆಯಲು ನಡೆದರು. ಐಸ್ ಒಡೆಯಿತು. ಇಬ್ಬರು ಗಂಡಸರು, ಒಬ್ಬ ಹೆಂಗಸು ಸತ್ತರು. ನಮ್ಮ ಪಕ್ಕದ ರಾಜ್ಯದವರು, ನಮ್ಮ ಹಾಗೇ ವೀಸಾ, ಇಎಂಐ, ಮಕ್ಕಳ ಸ್ಕೂಲು ಅಂತ ಇದ್ದವರು. ಅವರನ್ನು ದೂರೋಕೆ ನನಗೆ ಬಾಯಿ ಬರಲ್ಲ. ಹೆಪ್ಪುಗಟ್ಟಿದ ಕೆರೆಯನ್ನು ಹೇಗೆ ನೋಡಬೇಕು ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ದರು? ನಾವು ಬೆಳೆದ ಊರಿನಲ್ಲಿ ಐಸ್ ಅಂದರೆ ಗೋಲಾ. ಹತ್ತು ವರ್ಷ ಇಲ್ಲಿ ಇದ್ದವರಿಗೆ, ಈ ಗುಂಪು ನಡೆಸೋರಿಗೆ, ‘ಸೇಫ್ ಇದೆ ಬನ್ನಿ’ ಅಂತ ಬರೆಯೋರಿಗೆ ಆ ಮಾಫಿ ಇಲ್ಲ. ಕಳೆದ ತಿಂಗಳು ಬೆಂಗಳೂರಿಂದ ಇಳಿದ ಹುಡುಗ ನಿಮ್ಮ ‘ಸೇಫ್’ ಅನ್ನೋ ಪದ ನಂಬಿಕೊಂಡು, ಓಡೋ ಶೂ ಹಾಕ್ಕೊಂಡು, ಈಜು ಬರದ ಹೆಂಡತಿ ಮಗು ಜತೆ ಬರ್ತಾನೆ. ಆ ಪದ ಬರೆಯೋ ಮುಂಚೆ ನೀವು ಒಂದು ತೂತಾದರೂ ಕೊರೆದಿರಬೇಕು.

ಈಗ ಆ ಹಿರಿಯರ ಮಾತಿಗೆ ಬರ್ತೀನಿ. “ಅದಕ್ಕೇ ಹೇಳೋದು, ಆ ಸುಡುಗಾಡು ಐಸ್ ಮೇಲೆ ಯಾಕಪ್ಪ ಹೋಗಬೇಕು, ಮೀನು ಬೇಕಾದ್ರೆ ಕಾಸ್ಟ್‌ಕೋದಲ್ಲಿ ಸಿಗಲ್ವಾ.” ಈ ಅಂಕಲ್‌ಗಳ ಪ್ರೀತಿ ನನಗೆ ಅರ್ಥ ಆಗುತ್ತೆ. ಆದರೆ ಈ ಮಾತಿನಿಂದ ಒಬ್ಬರೂ ನಿಂತಿಲ್ಲ. ಹುಡುಗರು ಹೋಗೇ ಹೋಗ್ತಾರೆ, ಹೇಳದೆ ಹೋಗ್ತಾರೆ. ಎಲ್ಲಿ ಹೋಗಿದ್ದಾರೆ ಅಂತ ಮನೆಯಲ್ಲಿ ಗೊತ್ತಿಲ್ಲದೆ ಇರೋದು ಇನ್ನೂ ದೊಡ್ಡ ಅಪಾಯ. ಕಟ್ಟುನಿಟ್ಟಾದ ಕಾನೂನಿಂದ ಉಪಯೋಗ ಇಲ್ಲ ಅಂತ ನಾನು ಹೇಳಲ್ಲ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮ ಮತ್ತು ಜೊತೆಗಾರರು 10 ದೇಶಗಳ 4,000ಕ್ಕೂ ಹೆಚ್ಚು ಚಳಿಗಾಲದ ಮುಳುಗು ಸಾವುಗಳನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಐಸ್ ಮೇಲೆ ಹೋಗೋಕೆ ಬಿಗಿ ನಿಯಮ ಇರೋ ಇಟಲಿ, ಜಪಾನಿನಲ್ಲಿ ಸಾವು ಕಡಿಮೆ ಅಂತ ಅದರಲ್ಲೇ ಇದೆ. ಆದರೆ ಹನ್ನೊಂದು ಸಾವಿರ ಕೆರೆಗೆ ಪೊಲೀಸ್ ಇಡೋಕಾಗಲ್ಲ. ಇಲ್ಲಿ ತಿಳುವಳಿಕೆ ಬಿಟ್ಟು ಬೇರೆ ಬೇಲಿ ಇಲ್ಲ.

ಅದೇ ಅಧ್ಯಯನದ ಮುಖ್ಯ ಮಾತು ಇನ್ನೊಂದು. ಅತಿ ಹೆಚ್ಚು ಸಾವು ಆಗೋದು ಕೊರೆಯೋ ಚಳಿಯಲ್ಲಲ್ಲ. ಚಳಿಗಾಲದ ತಾಪಮಾನ ಸೊನ್ನೆಗೆ ಹತ್ತಿರ ಬಂದಷ್ಟೂ ಸಾವು ತೀವ್ರವಾಗಿ ಏರುತ್ತೆ. ಅಂದ್ರೆ ನಮಗೆ “ಇವತ್ತು ಹವಾ ಚೆನ್ನಾಗಿದೆ, ಮಕ್ಕಳನ್ನೂ ಕರ್ಕೊಂಡು ಹೋಗೋಣ” ಅನ್ನಿಸೋ ದಿನಗಳೇ ಕೆಟ್ಟ ದಿನಗಳು. 2023-24ರಲ್ಲಿ ಈ ಟ್ವಿನ್ ಸಿಟೀಸ್ ಕಂಡದ್ದು ದಾಖಲೆಯಲ್ಲೇ ಅತಿ ಬೆಚ್ಚನೆ ಚಳಿಗಾಲ. ಅಂಥ ವರ್ಷದಲ್ಲಿ “ಹೋದ ವರ್ಷ ಇದೇ ವಾರ ಇಲ್ಲೇ ಕಾರು ನಿಲ್ಲಿಸಿದ್ವಿ” ಅನ್ನೋ ನೆನಪಿಗೆ ಏನು ಬೆಲೆ? ಹಾಗೇ ಮಾರ್ಚ್. ಸೀಸನ್ನಿನ ಕೊನೆಗೆ ಹದಿನೈದು ಇಂಚು ಇದ್ದರೂ ಬಿಸಿಲಿಗೆ ಐಸ್ ಒಳಗೊಳಗೇ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಳ್ಳುತ್ತೆ, ಹಾರೆ ಸೀದಾ ಇಳಿಯುತ್ತೆ. ಐಸ್ ಸದ್ದು ಮಾಡೋದರ ಬಗ್ಗೆಯೂ ಒಂದು ಮಾತು. ಚಳಿ ಏರಿ ಇಳಿದಾಗ ಅದು ಗುಡುಗಿದ ಹಾಗೆ ಗುಂಯ್ ಅನ್ನುತ್ತೆ, ಹೊಸಬರು ಹೆದರಿ ಓಡ್ತಾರೆ. ಸದ್ದು ಮಾಡಿದ ಮಾತ್ರಕ್ಕೆ ಅಪಾಯ ಅಲ್ಲ. ಆದರೆ ಸುಮ್ಮನಿದೆ ಅಂದ ಮಾತ್ರಕ್ಕೆ ಕ್ಷೇಮವೂ ಅಲ್ಲ.

ಸರಿ, ಬಿದ್ದರೆ? ಇದು ಯಾವ ಗುಂಪಿನಲ್ಲೂ ಚರ್ಚೆ ಆಗಲ್ಲ. ‘ಬಿಟ್ತು ಅನ್ನು’ ಅಂತ ಬಾಯಿ ಮುಚ್ಚಿಸ್ತಾರೆ, ಅಪಶಕುನ ಅಂತ. ಬಿದ್ದರೆ ಎರಡು ನಿಮಿಷಕ್ಕೆ ಹೆಪ್ಪುಗಟ್ಟಿ ಸಾಯ್ತೀವಿ ಅಂತ ನಮ್ಮ ಅರ್ಧ ಜನ ನಂಬಿದ್ದಾರೆ. ಸುಳ್ಳು. ಮನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಅನ್ನೋ ಪ್ರೊಫೆಸರ್ ತಾವೇ ಎಷ್ಟೋ ಸಲ ಐಸ್ ನೀರಿಗೆ ಇಳಿದು ಅಧ್ಯಯನ ಮಾಡಿದವರು. ಅವರ ಲೆಕ್ಕ 1-10-1. ಮೊದಲ ಒಂದು ನಿಮಿಷ ಉಸಿರು ಹಿಡಿತ ತಪ್ಪಿ ಏದುಸಿರು ಬರುತ್ತೆ, ಆಗ ಮಾಡಬೇಕಾದ್ದು ಒಂದೇ, ಬಾಯಿ ನೀರಿನ ಮೇಲಿಟ್ಟು ಉಸಿರು ತಹಬಂದಿಗೆ ತರೋದು. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತೆ, ಹೊರಗೆ ಬರೋ ಪ್ರಯತ್ನ ಆಗಲೇ ಆಗಬೇಕು. ಚಳಿಯಿಂದ ಪ್ರಜ್ಞೆ ತಪ್ಪೋದಕ್ಕೆ ಸುಮಾರು ಒಂದು ಗಂಟೆ ಇದೆ. ಜನ ಸಾಯೋದು ಆ ಒಂದು ಗಂಟೆ ಮುಗಿದು ಅಲ್ಲ, ಹೆಚ್ಚಿನವರು ಮೊದಲ ನಿಮಿಷಗಳಲ್ಲೇ ಗಾಬರಿಯಲ್ಲಿ ನೀರು ಕುಡಿದು. ಲೈಫ್ ಜಾಕೆಟ್ ಯಾಕೆ ಬೇಕು ಅಂತ ಈಗ ಗೊತ್ತಾಯ್ತಾ? ಈಜು ಬರೋರಿಗೂ ಆ ಒಂದು ನಿಮಿಷಕ್ಕೆ ಬೇಕು. ಬರದ ನಮ್ಮಂಥವರ ಮಾತು ಬಿಡಿ.

ಹೊರಗೆ ಬರೋದು ಹೇಗೆ ಅಂದ್ರೆ, ಬಂದ ದಿಕ್ಕಿಗೇ ತಿರುಗಬೇಕು. ಅಲ್ಲಿಯ ತನಕ ಐಸ್ ನಿಮ್ಮನ್ನು ಹೊತ್ತಿತ್ತು, ಮುಂದಿನದು ಹೊರುತ್ತೆ ಅಂತ ಯಾರು ಹೇಳಿದ್ದು? ಜಾಕೆಟ್ ಬಿಚ್ಚಬೇಡಿ, ಅದರಲ್ಲಿ ಗಾಳಿ ಇದೆ. ಐಸ್ ಪಿಕ್ಸ್ ಅಂದರೆ ದಾರದಲ್ಲಿ ಕಟ್ಟಿದ ಎರಡು ಹಿಡಿ, ತುದಿಯಲ್ಲಿ ಮೊಳೆ, ಅಷ್ಟೆ. ಒದ್ದೆ ಐಸಿನ ಮೇಲೆ ಬರಿಗೈ ಜಾರುತ್ತೆ, ಮೊಳೆ ಕಚ್ಚುತ್ತೆ. ಮೊಳೆ ಚುಚ್ಚಿ, ಈಜೋ ಹಾಗೆ ಕಾಲು ಬಡಿದು, ಹೊಟ್ಟೆ ಮೇಲೆ ಜಾರಿ ಹೊರಗೆ ಬನ್ನಿ. ಬಂದ ಮೇಲೆ ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು. ಈ ಪಿಕ್ಸ್ ಬ್ಯಾಗಿನಲ್ಲಿ ಇದ್ದರೆ ಇಲ್ಲದ ಹಾಗೇ, ಕತ್ತಿನಲ್ಲಿ ಇರಬೇಕು.

ನೋಡ್ತಾ ಇರೋರು ಓಡಿ ಹೋಗಬಾರದು. ಇದು ಹೇಳೋಕೆ ಸುಲಭ ಅಂತ ನನಗೂ ಗೊತ್ತು. ಗಂಡ ಬಿದ್ದರೆ ಹೆಂಡತಿ ಓಡ್ತಾಳೆ, ಮಗ ಬಿದ್ದರೆ ಅಪ್ಪ ಓಡ್ತಾನೆ, ಅದೇ ತೆಳು ಐಸ್ ಇನ್ನೊಬ್ಬರನ್ನೂ ನುಂಗುತ್ತೆ. 911ಗೆ ಫೋನ್ ಮಾಡಿ, ದೂರದಲ್ಲೇ ಮಲಗಿ ಹಗ್ಗ ಎಸೀರಿ, ಕೋಲು ಚಾಚಿ. ಅದಕ್ಕೇ ಹಗ್ಗ ಇರಬೇಕು ಅನ್ನೋದು. ಇಪ್ಪತ್ತು ಜನರ ಪಿಕ್‌ನಿಕ್ಕಿಗೆ ಮೂರು ಕೂಲರ್ ತುಂಬ ಬಿಸಿಬೇಳೆಬಾತ್ ಹೊತ್ತು ತರೋರಿಗೆ ಐವತ್ತಡಿ ಹಗ್ಗ ಭಾರವಾ?

ಕಾರಿನ ಬಗ್ಗೆ ನಾಲ್ಕು ಮಾತು. ಕಾರು ಐಸ್ ಮೇಲೆ ತಗೊಂಡು ಹೋಗಬೇಡಿ, ನಡೆದು ಹೋಗಿ ಅನ್ನೋದೇ ನನ್ನ ಸಲಹೆ. ಹೋಗಲೇಬೇಕು ಅಂದ್ರೆ ದುಡ್ಡು ತಗೊಂಡು ಐಸ್ ರಸ್ತೆ ನೋಡಿಕೊಳ್ಳೋ ರೆಸಾರ್ಟಿನ ದಾರಿಯಲ್ಲೇ, ನಿಧಾನವಾಗಿ, ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ ಹೋಗಿ. ಮುಚ್ಚಿದ ಕಾರಿನೊಳಗೆ ಲೈಫ್ ಜಾಕೆಟ್ ಮಾತ್ರ ಬೇಡ, ನೀರು ತುಂಬಿದರೆ ಅದೇ ನಿಮ್ಮನ್ನು ಹೊರಬರೋಕೆ ಬಿಡಲ್ಲ. ಇನ್ನು ಟೆಂಟಿನೊಳಗೆ ಗ್ಯಾಸ್ ಹೀಟರ್ ಹಚ್ಚೋರು ಮೇಲೊಂದು ಕಿಂಡಿ ತೆರೆದಿಡಿ, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇಟ್ಕೊಳ್ಳಿ. ವಾಸನೆ ಇಲ್ಲದ ಗಾಳಿ ಅದು, ನಿದ್ದೆ ಬಂತು ಅಂದ್ಕೊಂಡೇ ಹೋಗಿಬಿಡ್ತೀರಿ.

ಇಷ್ಟೆಲ್ಲ ಹೇಳಿದ್ದಕ್ಕೆ ಗುಂಪಿನಲ್ಲಿ ನನಗೆ ‘ಸೇಫ್ಟಿ ಆಫೀಸರ್’ ಅಂತ ಹೆಸರು ಬಿದ್ದಿದೆ. ಇರಲಿ. ನಾನು ಕೇಳೋದು ಐದೇ ಪ್ರಶ್ನೆ. ಯಾವ ಲೇಕಿನ ಯಾವ ಜಾಗ? ಯಾವತ್ತು ಅಳೆದದ್ದು? ಅಳೆದವರ ಫೋನ್ ನಂಬರ್ ಏನು? ಐಸ್ ಕಪ್ಪಗಿತ್ತಾ ಬೆಳ್ಳಗಿತ್ತಾ? ಎಷ್ಟು ತೂತು ಕೊರೆದಿರಿ, ಅದರಲ್ಲಿ ಅತಿ ಕಡಿಮೆ ಬಂದದ್ದು ಎಷ್ಟು? ಕೊನೆಯದನ್ನು ದಯವಿಟ್ಟು ಗಮನಿಸಿ, ಸರಾಸರಿ ಅಲ್ಲ, ಅತಿ ಕಡಿಮೆ. ಸರಾಸರಿ ನಾಲ್ಕಡಿ ಆಳದ ಹೊಳೆಯಲ್ಲಿ ಮುಳುಗಿದವನ ಕಥೆ ಎಲ್ಲರಿಗೂ ಗೊತ್ತಲ್ಲ. ಈ ಐದಕ್ಕೆ ಉತ್ತರ ಇದ್ದರೆ ನಾನು ಖುಷಿಯಾಗಿ ಬರ್ತೀನಿ, ಆಗರ್ ನಾನೇ ಹೊರ್ತೀನಿ. ಇಲ್ಲದಿದ್ದರೆ ‘ಸೇಫ್’ ಅನ್ನೋ ಪದ ಅಳಿಸಿ ಅಂತ ಗುಂಪಿನಲ್ಲೇ ಬರೀತೀನಿ, ಯಾರಿಗೆ ಬೇಜಾರಾದರೂ ಸರಿ.

ಅಂದಹಾಗೆ ಐಸ್ ಪಿಕ್ಸ್ ಅಂಗಡಿಯಲ್ಲಿ ಹತ್ತು ಹದಿನೈದು ಡಾಲರ್ ಆಗುತ್ತೆ. ನನ್ನ ಹತ್ತಿರ ಎರಡು ಜೊತೆ ಹೆಚ್ಚಿಗೆ ಇವೆ, ಹತ್ತಿರದಲ್ಲಿ ಇರೋರು ಕೇಳಿದರೆ ಕೊಡ್ತೀನಿ. ಮಾರ್ಚ್ ಮುಗಿಯೋದರೊಳಗೆ ವಾಪಸ್ ಕೊಡಬೇಕು, ಹೋದ ವರ್ಷ ತಗೊಂಡ ಮಹಾನುಭಾವರು ಇನ್ನೂ ಕೊಟ್ಟಿಲ್ಲ :-)